ನಾವು ಮುಸಾಫಿರರೇ?

ಶುಕ್ರವಾರದಿಂದ ಮಂಗಳವಾರದವರೆಗೆ ಐದು ದಿನ ರಜೆ ಎಂಬ ಸುತ್ತೋಲೆ ಶಾಲೆಯಿಂದ ಬಂದ ಸಂಜೆ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಮೌನ ಆವರಿಸಿತು. ಶಾರ್ಜಾದಲ್ಲಿ 2022ರಿಂದ ವಾರದ ರಜೆ ಮೂರು ದಿನ: ಶುಕ್ರ, ಶನಿ, ಆದಿತ್ಯವಾರ. 2024ರಲ್ಲಿ ಯುಎಇಯ ರಾಷ್ಟ್ರೀಯ ದಿನದ ರಜೆ ಡಿಸೆಂಬರ್ 2 ಮತ್ತು 3, ಅಂದರೆ ಸೋಮವಾರ ಮತ್ತು ಮಂಗಳವಾರ ಬಂದಿತ್ತು. ಮಕ್ಕಳು ಬೆರಳೆಣಿಸಿ ಕುಣಿದರು. ನನ್ನ ಮಡದಿ ಪಾತ್ರೆ ತೊಳೆಯುತ್ತಾ ತಿರುಗಿ ನೋಡದೆಯೇ ಹೇಳಿದಳು: "ಐದು ದಿನ ಸಾಕು. ಊರಿಗೆ ಹೋಗಿ ಉಮ್ಮನನ್ನು ನೋಡಿ ಬರಬಹುದು."

ಉಮ್ಮ ಎಂದರೆ ನನ್ನ ತಾಯಿ. ಪುತ್ತೂರಿನ ಸಮೀಪದ ಹಳ್ಳಿಯಲ್ಲಿ ತಮ್ಮನ ಜೊತೆಗಿದ್ದಾರೆ. ಪ್ರತಿ ಶುಕ್ರವಾರ ಫೋನಿನಲ್ಲಿ ಅವರು ಕೇಳುವ ಮೊದಲ ಪ್ರಶ್ನೆ, "ಯಾವಾಗ ಬರುತ್ತೀಯಾ?" ಎಂಬುದೇ. ನಾಲ್ವರ ವಿಮಾನದ ದರ ನೋಡಿದೆ. ರಜೆಯ ದಿನಗಳಾದ ಕಾರಣ ಅದು ನನ್ನ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಹೇಳಿದೆ. ಅವಳು ಮತ್ತೆ ಮಾತೆತ್ತಲಿಲ್ಲ. ಅವಳು ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ವರ್ಷದ ಈದುಲ್ ಫಿತ್ರ್ ಮುಗಿಸಿ ನಾವು ಇಲ್ಲಿಗೆ ಬಂದವರು. ಬಂದು ವಾರ ತುಂಬುವ ಮೊದಲೇ, ಏಪ್ರಿಲ್ 16ರಂದು, ಈ ಮರಳುಗಾಡಿನಲ್ಲಿ ಯಾರೂ ಕಂಡರಿಯದ ಮಳೆ ಸುರಿಯಿತು. ರಸ್ತೆಗಳು ಹೊಳೆಗಳಾದವು. ನಮ್ಮ ಕಟ್ಟಡದ ಲಿಫ್ಟ್ ನಿಂತಿತು. ಮಳೆಯ ನಾಡಿನಿಂದ ಬಂದ ನಮಗೆ ಮಳೆಯ ಭಯವೆಂದರೇನೆಂದು ತಿಳಿದದ್ದು ಇಲ್ಲಿ! ಎದುರು ಮನೆಯ ಪೇಶಾವರದ ಕುಟುಂಬ ರೊಟ್ಟಿ ತಂದುಕೊಟ್ಟಿತು, ಕೆಳಗಿನ ಮಹಡಿಯ ಮಲಯಾಳಿ ತರುಣರು ಕುಡಿಯುವ ನೀರಿನ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರಿದರು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ.

ಆ ಗಡಿಬಿಡಿಯಲ್ಲಿ ಮಂಚದ ಕೆಳಗೆ ತಳ್ಳಿದ ಎರಡು ಸೂಟ್‌ಕೇಸುಗಳು ಎಂಟು ತಿಂಗಳಾದರೂ ಅಲ್ಲಿಯೇ ಇದ್ದವು. ಬೇಕಾದಾಗ ಎಳೆದು, ಬಟ್ಟೆ ತೆಗೆದು, ಮತ್ತೆ ತಳ್ಳುವುದು. ಕಿಟಕಿಗೆ ಪರದೆಯಿರಲಿಲ್ಲ, ಹಳೆಯ ಹೊದಿಕೆಯೊಂದನ್ನು ಸಿಕ್ಕಿಸಿದ್ದೆವು. ಮಡದಿ ಏನನ್ನಾದರೂ ಕೊಳ್ಳೋಣವೆಂದರೆ ನಾನು ಇಬ್ನ್ ಉಮರ್(ರ) ವರದಿ ಮಾಡಿದ ಪ್ರಸಿದ್ಧ ಹದೀಸನ್ನು ನೆನಪಿಸುತ್ತಿದ್ದೆ. ಈ ಲೋಕದಲ್ಲಿ ಪರದೇಶಿಯಂತೆ, ದಾರಿಹೋಕನಂತೆ ಇರಬೇಕೆಂದು ಪ್ರವಾದಿ(ಸ)ರವರು ಅವರ ಭುಜ ಹಿಡಿದು ಉಪದೇಶಿಸಿದ ಪ್ರಸಂಗವದು. ಮದ್ರಸದಲ್ಲಿ ಕಲಿತವನ ಬಳಿ ಪ್ರತಿಯೊಂದಕ್ಕೂ ಒಂದು ಹದೀಸ್ ಸಿದ್ಧವಿರುತ್ತದೆ. ಅದನ್ನು ಎಲ್ಲಿ ಬಳಸುತ್ತಿದ್ದೇನೆ ಎಂದು ಅವನು ಯಾವಾಗಲೂ ಯೋಚಿಸುವುದಿಲ್ಲ.

ಊರಿಗೆ ಹೋಗಲಾಗದಿದ್ದರೆ ಬೇಡ, ಖೋರ್‌ಫಕ್ಕಾನ್‌ಗೆ ಹೋಗೋಣ ಎಂದವರು ಬಂಟ್ವಾಳದ ಕಡೆಯ ಹಿರಿಯ ಸ್ನೇಹಿತರು. ನಾವೆಲ್ಲ ಅವರನ್ನು ಹಾಜಿಯವರೆಂದೇ ಕರೆಯುತ್ತೇವೆ. 22 ವರ್ಷಗಳಿಂದ ಇಲ್ಲಿದ್ದಾರೆ. ಊರಿನಲ್ಲಿ ಮಡದಿ, ಮೂವರು ಮಕ್ಕಳು, ಒಬ್ಬ ಮೊಮ್ಮಗ. ಆದರೂ ಇಲ್ಲಿ ಅವರು ‘ಬ್ಯಾಚುಲರ್’. ಕುಟುಂಬವಿಲ್ಲದೆ ಒಂಟಿಯಾಗಿ ವಾಸಿಸುವ ವಿವಾಹಿತನಿಗೂ ಗಲ್ಫಿನಲ್ಲಿ ಇದೇ ಹೆಸರು. ಕೋಣೆಯೊಂದರಲ್ಲಿ ಆರು ಮಂದಿಯ ನಡುವೆ ಒಂದು ಮಂಚದ ಜಾಗ, ಅದಕ್ಕೆ ಬೆಡ್‌ಸ್ಪೇಸ್ ಎನ್ನುತ್ತಾರೆ. ನನಗೆ ವಾಹನ ಚಾಲನೆಯ ಪರವಾನಗಿ ಇಲ್ಲದ್ದರಿಂದ ಶನಿವಾರ ಬೆಳಿಗ್ಗೆ ಅವರೇ ಕಂಪೆನಿಯ ಕಾರು ತಂದರು. ಹಿಂಬದಿಯಲ್ಲಿ ಒಂದು ದೊಡ್ಡ ಪಾತ್ರೆ ನೈಚೋರು. ಸುಬಹಿಗೂ ಮೊದಲು ಎದ್ದು ಮಾಡಿದ್ದಂತೆ.

ರಸ್ತೆಯುದ್ದಕ್ಕೂ ಕಾರುಗಳ ಮೇಲೆ ನಾಲ್ಕು ಬಣ್ಣದ ಧ್ವಜಗಳು. ಶಾರ್ಜಾ ಮತ್ತು ಖೋರ್‌ಫಕ್ಕಾನ್ ನಡುವಿನ ಈ 89 ಕಿಲೋಮೀಟರ್ ಹೆದ್ದಾರಿ ತೆರೆದದ್ದು 2019ರಲ್ಲಿ. ಹಜರ್ ಪರ್ವತಗಳನ್ನು ಕೊರೆದು ಐದು ಸುರಂಗಗಳನ್ನು ಮಾಡಿದ್ದಾರೆ. ಮೂರನೆಯ ತರಗತಿಯ ಮಗ ಒಂದೊಂದನ್ನೂ ಎಣಿಸಿದ. ಹುಲ್ಲುಕಡ್ಡಿಯಿಲ್ಲದ ಬೋಳು ಬೆಟ್ಟಗಳನ್ನು ನೋಡಿ ಮಡದಿ, "ಇವಕ್ಕೆ ಚಳಿಯಾಗುವುದಿಲ್ಲವೇ" ಎಂದಳು. ರಜೆ ಘೋಷಣೆಯಾದಂದಿನಿಂದ ಅವಳಾಡಿದ ಮೊದಲ ಲಘುವಾದ ಮಾತು ಅದು.

ಬೆಟ್ಟ ದಾಟಿದೊಡನೆ ಕಡಲು. ಶಾರ್ಜಾ ನಗರದ ಕಡಲು ಪಶ್ಚಿಮಕ್ಕಿದೆ, ಅದು ಕೊಲ್ಲಿ. ಖೋರ್‌ಫಕ್ಕಾನಿನದು ಪೂರ್ವದ ಕಡಲು, ಒಮಾನ್ ಕೊಲ್ಲಿಯ ಮೂಲಕ ಅರಬ್ಬೀ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ನಮ್ಮೂರ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಮಗಳಿಗೆ ಇದನ್ನು ವಿವರಿಸಿದಾಗ ಅವಳು ಬಹಳ ಹೊತ್ತು ನೀರನ್ನೇ ನೋಡಿದಳು. "ಹಾಗಾದರೆ ಇದರ ಆಚೆಯ ದಡ ಉಳ್ಳಾಲವೇ?" ಎಂದಳು. ನೇರ ಗೆರೆ ಎಳೆದರೆ ಹಾಗೇನೂ ಅಲ್ಲ, ಆದರೆ ಕಡಲು ಒಂದೇ ಎಂದೆ. 1507ರಲ್ಲಿ ಈ ಊರನ್ನು ಸುಟ್ಟ ಪೋರ್ಚುಗೀಸರೇ ಮುಂದೆ ನಮ್ಮ ಕರಾವಳಿಗೂ ನುಗ್ಗಿದವರು. ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದ್ದು ಅವರನ್ನೇ.

ಉಮ್ಮನಿಗೆ ವೀಡಿಯೊ ಕರೆ ಮಾಡಿ ಅಲೆಗಳನ್ನು ತೋರಿಸಿದೆವು. ಅವರಿಗೆ ಈಗ ಕಣ್ಣು ಮಂದ. "ನೀರಿನ ಶಬ್ದ ಕೇಳುತ್ತಿದೆ" ಎಂದರು. ನಂತರ ಎಂದಿನ ಅದೇ ಪ್ರಶ್ನೆ.

ಲುಹ್ರ್ ನಮಾಝ್‌ಗೆ ಮಸೀದಿ ತಲುಪುವಾಗ ಜಮಾಅತ್ ಮುಗಿದಿತ್ತು. ನಾವು ಬೇರೆಯಾಗಿ ನಿರ್ವಹಿಸಿದೆವು. ಹೊರಬಂದಾಗ ಮಗಳು ಕೇಳಿದಳು: "ಉಪ್ಪಾ, ಪಕ್ಕದಲ್ಲಿದ್ದ ಹೆಂಗಸು ಎರಡೇ ರಕಅತ್‌ಗೆ ಸಲಾಂ ಹೇಳಿದರು. ಉಮ್ಮ ನಾಲ್ಕು ಮಾಡಿದರು. ನಾವು ಮುಸಾಫಿರರಲ್ಲವೇ?"

ತರಗತಿಯಲ್ಲಿ ನೂರು ಬಾರಿ ಪಾಠ ಮಾಡಿದ ವಿಷಯ, ಉತ್ಸಾಹದಿಂದ ಹೇಳತೊಡಗಿದೆ. ಪ್ರಯಾಣಿಕನಿಗೆ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸಲು ಅನುಮತಿಯಿದೆ. ನಮ್ಮ ಶಾಫಿಈ ಮದ್ಹಬ್‌ನಲ್ಲಿ ಅದಕ್ಕೆ ಬೇಕಾದ ದೂರ ಎರಡು ಮರ್ಹಲ, ಹೊರೆ ಹೊತ್ತ ಒಂಟೆಯ ಎರಡು ದಿನದ ದಾರಿ. ಅದನ್ನು ಕಿಲೋಮೀಟರಿಗೆ ತರುವಾಗ ವಿದ್ವಾಂಸರ ಲೆಕ್ಕಗಳು ಬೇರೆಯಾಗುತ್ತವೆ. ಕೆಲವರು ಎಂಬತ್ತರ ಆಸುಪಾಸು ಎನ್ನುತ್ತಾರೆ, ನನಗೆ ಕಲಿಸಿದ ಉಸ್ತಾದರು 132 ಎಂದು ಕಲಿಸಿದ್ದರು. ಆದ್ದರಿಂದ ನಮಗೆ ನಾಲ್ಕು, ಆ ಸಹೋದರಿಗೆ ಎರಡು, ಇಬ್ಬರದೂ ಸರಿ. ಇನ್ನು ಒಂದು ಊರಿನಲ್ಲಿ, ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು, ಪೂರ್ಣ ನಾಲ್ಕು ದಿನ ತಂಗುವ ನಿಯ್ಯತ್ ಮಾಡಿದರೆ ಅಲ್ಲಿ ಅವನು ಮುಸಾಫಿರನಲ್ಲ, ಮುಕೀಮ್. ಶಾರ್ಜಾದಲ್ಲಿ ನಾವು ಮುಕೀಮರು.

"ನಿಯ್ಯತ್ ಯಾವಾಗ ಮಾಡಿದಿರಿ?" ಎಂದು ಮಡದಿ ಕೇಳಿದಳು.

ನಾನು ಅರ್ಥವಾಗದವನಂತೆ ನೋಡಿದೆ.

"ನಮಾಝ್ ಮಾತ್ರ ನಾಲ್ಕು ರಕಅತ್. ಮನೆಯೊಳಗಿನ ಬದುಕು ಎಂಟು ತಿಂಗಳಿಂದ ಎರಡೇ ರಕಅತ್‌ನದು."

ನಮ್ಮ ಬ್ಯಾರಿ ಭಾಷೆಯಲ್ಲಿ ಅವಳಾಡಿದ ಈ ಮಾತಿನ ಮೊನಚು ಕನ್ನಡಕ್ಕೆ ತರುವಾಗ ಸ್ವಲ್ಪ ಕಡಿಮೆಯಾಗಿದೆ. ಹಾಜಿಯವರು ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ ದೂರ ಸರಿದರು.

ಅಸ್ರ್‌ಗೆ ಬಿದಿಯಾದ ಮಸೀದಿಗೆ ಹೋದೆವು. ಖೋರ್‌ಫಕ್ಕಾನಿನಿಂದ ದಿಬ್ಬಾ ಕಡೆಗೆ ಹೋಗುವ ದಾರಿಯಲ್ಲಿ, ಫುಜೈರಾದ ಗಡಿಯೊಳಗಿರುವ ಈ ಮಸೀದಿ ಸುಮಾರು 1446ರದೆಂದು ಪ್ರಾಕ್ತನ ತಜ್ಞರು ಗುರುತಿಸಿದ್ದಾರೆ. ದೇಶದಲ್ಲಿ ಈಗಲೂ ನಮಾಝ್ ನಡೆಯುವ ಅತಿ ಹಳೆಯ ಮಸೀದಿಗಳಲ್ಲಿ ಇದೊಂದು. ಒಟ್ಟು ವಿಸ್ತಾರ 53 ಚದರ ಮೀಟರ್, ನಮ್ಮ ಫ್ಲ್ಯಾಟಿಗಿಂತ ದೊಡ್ಡದೇನಲ್ಲ. ಮಿನಾರವಿಲ್ಲ. ಕಲ್ಲು, ಮಣ್ಣು ಮತ್ತು ಗಾರೆಯಿಂದ ಕಟ್ಟಿದ್ದಾರೆ. ನಾಲ್ಕು ಗುಮ್ಮಟಗಳು, ಒಂದರಂತೆ ಇನ್ನೊಂದಿಲ್ಲ, ಎಲ್ಲದರ ಭಾರವನ್ನೂ ನಡುವಿನ ಒಂದೇ ಕಂಬ ಹೊತ್ತಿದೆ. ಮರಳು, ಬೆಟ್ಟ ಮತ್ತು ಕಡಲಿನ ನಡುವೆ ಬದುಕಿದ ಆ ಜನ ಬಡವರೇ ಇದ್ದಿರಬೇಕು. ಆದರೂ ಗೋಡೆಯಲ್ಲಿ ಕುರ್‌ಆನ್ ಇಡಲು ಚಿಕ್ಕ ಗೂಡುಗಳನ್ನು ಮರೆಯದೆ ಮಾಡಿದ್ದಾರೆ. ಹಣೆಯನ್ನು ನೆಲಕ್ಕಿಟ್ಟಾಗ ನನಗೆ ನೆನಪಾದದ್ದು ನಮ್ಮ ಕಿಟಕಿಯ ಹೊದಿಕೆ. ನಮಾಝ್‌ನಲ್ಲಿ ನೆನಪಾಗಬಾರದ್ದು, ನಿಜ.

ಮರಳುವ ದಾರಿಯಲ್ಲಿ ಮಕ್ಕಳು ನಿದ್ದೆಹೋದರು. ಸುರಂಗದ ಹಳದಿ ಬೆಳಕಿನಲ್ಲಿ ಹಾಜಿಯವರು, ಯಾರೂ ಕೇಳದಿದ್ದರೂ, ಹೇಳಿದರು: "ಉಸ್ತಾದರೇ, ಬಂದಾಗ ಎರಡು ವರ್ಷ ಎಂದುಕೊಂಡಿದ್ದೆ. ಸಾಲ ತೀರಿದರೆ ಹೋಗುವುದೆಂದು. ಹಾಗಾಗಿ ಒಂದು ದಿಂಬನ್ನೂ ಒಳ್ಳೆಯದು ಕೊಂಡವನಲ್ಲ. ಮಂಚದ ಸುತ್ತ ಒಂದು ಪರದೆ ಕಟ್ಟಿಕೊಂಡಿದ್ದೇನೆ, ಅಷ್ಟೇ. ಈಗ ರಜೆಯಲ್ಲಿ ಊರಿಗೆ ಹೋದರೆ ಮೊಮ್ಮಗ ನನ್ನನ್ನು ‘ಬಂದವರು’ ಎನ್ನುತ್ತಾನೆ." ಅವರು ನಕ್ಕರು. ಹಿಂದಿನ ಸೀಟಿನಿಂದ ಮಡದಿಯ ಸದ್ದಿರಲಿಲ್ಲ, ಆದರೆ ಅವಳು ಎಚ್ಚರವಾಗಿದ್ದಳೆಂದು ನನಗೆ ಗೊತ್ತು.

ಆ ರಾತ್ರಿ ನಿದ್ದೆ ಬಾರದೆ ಹಿಜ್ರಾದ ಅಧ್ಯಾಯಗಳನ್ನು ತೆರೆದೆ. ಮದೀನಕ್ಕೆ ಬಂದ ಹೊಸತರಲ್ಲಿ ಅಬೂಬಕ್ಕರ್(ರ) ಮತ್ತು ಬಿಲಾಲ್(ರ) ಜ್ವರದಿಂದ ಮಲಗಿದ್ದನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಜ್ವರ ಇಳಿದಾಗ ಬಿಲಾಲ್(ರ) ಸ್ವರವೆತ್ತಿ ಹಾಡುತ್ತಿದ್ದುದು ಮಕ್ಕಾದ ಹುಲ್ಲನ್ನು, ಅದರ ಬೆಟ್ಟಗಳನ್ನು ನೆನೆದು. ಯಾವ ಊರಿನ ಸುಡುಮರಳಿನ ಮೇಲೆ ಅವರನ್ನು ಕೆಡವಿ ಎದೆಯ ಮೇಲೆ ಬಂಡೆಯಿಟ್ಟಿದ್ದರೋ ಅದೇ ಊರನ್ನು! ಪ್ರವಾದಿ(ಸ)ರವರು ಆ ಹಂಬಲವನ್ನು ಗದರಿಸಲಿಲ್ಲ. ಇಹದ ಬದುಕು ಕ್ಷಣಿಕವೆಂದು ಉಪದೇಶಿಸಲೂ ಇಲ್ಲ. ಮಕ್ಕಾದಂತೆ ಅಥವಾ ಅದಕ್ಕಿಂತ ಹೆಚ್ಚಾಗಿ ಮದೀನವನ್ನು ತಮಗೆ ಪ್ರಿಯಗೊಳಿಸೆಂದು ಅಲ್ಲಾಹನಲ್ಲಿ ಬೇಡಿದರು. ಈ ಹದೀಸನ್ನೂ ನಾನು ಓದಿದ್ದವನೇ. ಎಂಟು ತಿಂಗಳಲ್ಲಿ ಒಂದು ಬಾರಿಯೂ ಮಡದಿಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಅಜ್ಜಿಗೆ ಪತ್ರ ಬರೆಯುತ್ತಿದ್ದಳು. ಅವಳ ಹೊಸ ಶಾಲೆಯಲ್ಲಿ ಕನ್ನಡವಿಲ್ಲ. ಅಕ್ಷರ ಮರೆಯದಿರಲೆಂದು ವಾರಕ್ಕೊಂದು ಪುಟ ಬರೆಸುತ್ತೇನೆ, ತಮ್ಮ ಅದನ್ನು ಉಮ್ಮನಿಗೆ ಓದಿ ಹೇಳುತ್ತಾನೆ. ಬರೆಯುತ್ತಾ ತಲೆಯೆತ್ತಿ, "ಊರಿಗೆ ಹೋದಾಗ ನಾವು ಅಲ್ಲಿ ಮುಸಾಫಿರರಾಗುತ್ತೇವೆಯೇ?" ಎಂದಳು. ಒಂದು ತಿಂಗಳ ರಜೆಗೆ ಹೋದರೆ ಅಲ್ಲಿಯೂ ನಾಲ್ಕೇ ಎಂದೆ. ನಂತರ ಮಕ್ಕಾ ವಿಜಯದ ಪ್ರಸಂಗ ಹೇಳಿದೆ. ತಾವು ಹುಟ್ಟಿ ಬೆಳೆದ ಊರಿಗೆ ವಿಜಯಿಯಾಗಿ ಬಂದ ಪ್ರವಾದಿ(ಸ)ರವರು ಅಲ್ಲಿ 19 ದಿನ ತಂಗಿದರು, ಮುಸಾಫಿರನಂತೆ ನಮಾಝನ್ನು ಮೊಟಕುಗೊಳಿಸಿದರು ಎಂದು ಇಬ್ನ್ ಅಬ್ಬಾಸ್(ರ) ವರದಿ ಮಾಡಿದ್ದಾರೆ. ಇನ್ನು ಇವರು ನಮ್ಮ ಬಳಿಗೆ ಮರಳುವರೋ ಇಲ್ಲವೋ ಎಂದು ಅನ್ಸಾರರು ಅಳುಕಿದಾಗ, ತಮ್ಮ ಬದುಕೂ ಮರಣವೂ ಅವರ ಜೊತೆಗೇ ಎಂದು ಅವರು ಮಾತು ಕೊಟ್ಟರು. ಮಡದಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆಯುವ ಸದ್ದಾಯಿತು. ತಳದಲ್ಲಿ, ಉಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಎರಡು ಪರದೆಗಳಿದ್ದವು. ಊರಿನಿಂದ ಹೊರಡುವ ಮೊದಲೇ ಅವಳು ಹೊಲಿದು ತಂದದ್ದಂತೆ. ಕಿಟಕಿ ಎಷ್ಟು ದೊಡ್ಡದಿದೆಯೆಂದು ಫೋನಿನಲ್ಲಿ ನನ್ನನ್ನೇ ಕೇಳಿದ್ದಳಂತೆ. ನನಗೆ ನೆನಪಿರಲಿಲ್ಲ.

ಹಾಜಿಯವರು ಡ್ರಿಲ್ ತಂದರು. ಗೋಡೆಗೆ ತೂತು ಕೊರೆಯಲು ಮನೆಯ ಮಾಲಿಕನ ಅನುಮತಿ ಬೇಕೋ ಎಂದು ನಾನು ಅನುಮಾನಿಸುತ್ತಿರುವಾಗಲೇ ಅವರು ಎರಡು ಕೊರೆದು ಮುಗಿಸಿದ್ದರು. ಪರದೆ ತೂಗಿಸಿ ನೋಡಿದರೆ ಕೆಳಗೆ ಒಂದು ಗೇಣು ಕಡಿಮೆ. ಅಳತೆ ತಪ್ಪಾಗಿ ಹೇಳಿದವನು ನಾನೇ. ಮಗ ನಕ್ಕ. ಮಡದಿ ಪರದೆಯ ಅಂಚನ್ನು ಕೈಯಲ್ಲಿ ಹಿಡಿದು ಕಿಟಕಿಯ ಬುಡದವರೆಗೆ ಬೆರಳಿನಿಂದ ಅಳೆದಳು.

"ರೋಲ್ಲಾದಲ್ಲಿ ಇದೇ ಬಣ್ಣದ ಬಟ್ಟೆ ಸಿಕ್ಕೀತು" ಎಂದಳು. "ಸಂಜೆ ಹೋಗೋಣ. ಹೊಲಿಗೆ ಯಂತ್ರದ ಬೆಲೆಯನ್ನೂ ಕೇಳಿ ಬರೋಣ."