ವಾಟೆಯ ಇದ್ದಿಲು

ಮೇ 19, ಪಾಳಾ

ಆಪೂಸು ಮಾವು ಮುಗಿಯುತ್ತ ಬಂತು. ಹಣ್ಣಿನ ಹಪ್ಪಳಕ್ಕೆ ರಸ ಹಿಂಡಿ ಮುಗಿದರೂ ಅಂಗಳದಲ್ಲಿ ನೊಣ ಕಡಿಮೆಯಾಗಿಲ್ಲ. ಸಿಪ್ಪೆಗೆ ಎಮ್ಮೆ ಇದೆ, ವಾಟೆ, ಅಂದರೆ ಗೊರಟೆ, ಮಾತ್ರ ಯಾರಿಗೂ ಬೇಡ. ಗೊಬ್ಬರಗುಂಡಿಗೆ ಹಾಕಿದರೆ ಮಳೆ ಬಿದ್ದ ಕೂಡಲೇ ಮೊಳೆಯುತ್ತವೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದುವ ಮಗಳು ಫೋನಿನಲ್ಲಿ, "ಅಪ್ಪಾ, ವಾಟಿ ಒಗಿಬ್ಯಾಡ, ಒಣಗಿಸಿಡು" ಅಂದಳು. ಬುಟ್ಟಿಗಟ್ಟಲೆ ಮಾಳಿಗೆಯ ಮೇಲೆ ಹರವಿದ್ದೇನೆ. ಅವಳ ತಾಯಿಗೆ ಇದು ಹಿಡಿಸಿಲ್ಲ.

ಮೇ 24

ಮಗಳು ಬಂದಿದ್ದಾಳೆ. ಹಳೇ ಎಣ್ಣೆ ಡಬ್ಬಿಗೆ ವಾಟೆ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಬಿಟ್ಟು, ಒಳಗೆ ಗಾಳಿಯಾಡದಂತೆ ಸುಟ್ಟೆವು. ತೂತಿನಿಂದ ಬಂದ ಹೊಗೆಗೇ ಬೆಂಕಿ ಹತ್ತಿತು. ಸಂಜೆ ತೆಗೆದರೆ ಹಗುರ, ಟಣ್ ಅನ್ನುವ ಇದ್ದಿಲು.

"ಇದು ಬರೀ ಇದ್ದಿಲು, ಆಕ್ಟಿವೇಟೆಡ್ ಅಲ್ಲ" ಅಂತ ಮೊದಲೇ ಹೇಳಿಬಿಟ್ಟಳು. ಇದನ್ನೇ ಎಂಟುನೂರು, ಒಂಬೈನೂರು ಡಿಗ್ರಿ ಶಾಖದಲ್ಲಿಟ್ಟು ಹಬೆ ಹಾಯಿಸಿದರೆ ಹಬೆ ಇಂಗಾಲವನ್ನು ಅಲ್ಲಲ್ಲಿ ತಿಂದು ಕಣ್ಣಿಗೆ ಕಾಣದ ರಂಧ್ರಗಳನ್ನು ಕೊರೆಯುತ್ತದಂತೆ. ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಸುಟ್ಟರೆ ಅಷ್ಟು ಶಾಖ ಬೇಡ. ಒಳ್ಳೆಯ ಆಕ್ಟಿವೇಟೆಡ್ ಇದ್ದಿಲಾದರೆ ಒಂದೇ ಗ್ರಾಂನ ಒಳಮೈ ಸಾವಿರ ಚದರ ಮೀಟರ್ ಮುಟ್ಟುತ್ತದೆ. ಲೆಕ್ಕ ಹಾಕಿದೆ: ಹತ್ತು ಗುಂಟೆ! ನೀರಿನಲ್ಲಿನ ಬಣ್ಣ, ವಾಸನೆ ಹೋಗಿ ಅಂಟಿಕೊಳ್ಳುವುದು ಆ ಹತ್ತು ಗುಂಟೆಗೆ.

ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಅಮೆರಿಕದವರು ವಿಷಾನಿಲದ ಮುಖವಾಡಗಳಿಗೆ ಇದ್ದಿಲು ಬೇಕೆಂದು ಮನೆಮನೆಯಿಂದ ಪೀಚ್ ಹಣ್ಣಿನ ಗೊರಟೆ ಕೂಡಿಸಿದ್ದರಂತೆ. ಮಗಳು ಇದನ್ನು ಹೇಳಿದ ಮೇಲೆ ಮನೆಯಾಕೆ ಮಾಳಿಗೆಯ ವಿಷಯ ಎತ್ತಿಲ್ಲ.

ಮೇ 29

ರಾತ್ರಿ ಗುಡುಗು, ಜೋರು ಮಳೆ. ತೋಟದ ಹೊಂಡದ ನೀರು ಕೆಂಪಾಗಿದೆ, ಕೊಳೆತೆಲೆಯ ವಾಸನೆ ಬೇರೆ. ಕೊಡದ ತಳದಲ್ಲಿ ಜಲ್ಲಿ, ಮೇಲೆ ಪುಡಿಮಾಡಿ ತೊಳೆದ ಇದ್ದಿಲು, ಅದರ ಮೇಲೆ ಮರಳು ಹಾಕಿ ಸೋಸಿದೆವು. ವಾಸನೆ ಸುಮಾರು ಹೋಯಿತು, ಕೆಂಪು ಪೂರ್ತಿ ಹೋಗಲಿಲ್ಲ. ಮಣ್ಣಿನ ರಾಡಿ ಇದ್ದಿಲಿನ ಕೆಲಸವಲ್ಲ. ಅದಕ್ಕೆ ಅಜ್ಜಿಯ ಕಾಲದ ಚಿಲ್ಲದ ಬೀಜವೇ ಸರಿ. ಕೊಡದ ಒಳಮೈಗೆ ತೇಯ್ದು ನೀರು ತುಂಬಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಕೂಡಿ, ಭಾರವಾಗಿ ತಳಕ್ಕಿಳಿಯುತ್ತವೆ. ರೋಗಾಣುವಿಗೆ ಎರಡೂ ಮದ್ದಲ್ಲ. ಕುಡಿಯುವ ನೀರು ಒಲೆಯ ಮೇಲೆ ಕುದಿಯಲೇಬೇಕು.

ಜೂನ್ 2

ಸಿಪ್ಪೆಯಿಂದ ಶುದ್ಧ ನೀರು ಎಂಬ ತಲೆಬರಹ ಕಂಡರೆ ಈಗ ಒಂದೇ ಪ್ರಶ್ನೆ ಏಳುತ್ತದೆ: ಹೀರಿಕೊಂಡಿದ್ದು ಎಲ್ಲಿ ಹೋಯಿತು? 2011ರಲ್ಲಿ ಬ್ರೆಜಿಲ್ ವಿಜ್ಞಾನಿಗಳು ಬಾಳೆಸಿಪ್ಪೆಯ ಪುಡಿ ನದಿನೀರಿನ ಸೀಸ, ತಾಮ್ರವನ್ನು ಹಿಡಿಯುತ್ತದೆ ಎಂದು ತೋರಿಸಿದರು. ಸಿಂಗಪುರದಲ್ಲಿ ಸೇಬು, ಟೊಮೆಟೊ ಸಿಪ್ಪೆಯ ಮೇಲೂ ಇಂಥ ಕೆಲಸ ನಡೆದಿದೆ. ಒಳ್ಳೆಯದೇ. ಆದರೆ ಸೀಸ ಮಾಯವಾಗುವುದಿಲ್ಲ, ಮನೆ ಬದಲಿಸುತ್ತದೆ ಅಷ್ಟೆ. ಆ ಸಿಪ್ಪೆಯನ್ನು ಎಮ್ಮೆಗೆ ಹಾಕಲಾದೀತೆ? ಆಮ್ಲದಲ್ಲಿ ತೊಳೆದರೆ ಪುಡಿ ಮತ್ತೆ ಬಳಕೆಗೆ ಬರುತ್ತದೆ. ಆಗ ಸೀಸವೆಲ್ಲ ಆಮ್ಲದಲ್ಲಿ. ಊರಿನ ಅಂಗಳದಲ್ಲಿ ಮುಗಿಯುವ ಕೆಲಸವಲ್ಲ ಅದು.

ಮಗಳು ಇವತ್ತು ಹೊರಟಳು, ಒಂದು ಚೀಲ ಇದ್ದಿಲಿನೊಂದಿಗೆ. ಕೊಡದಿಂದ ತೆಗೆದ ಇದ್ದಿಲನ್ನು ತೋಟಕ್ಕೆ ಚೆಲ್ಲಲೇ ಎಂದು ಕೇಳಿದೆ. "ನಮ್ಮ ಹೊಂಡದ್ದು ಆದ್ರ ಚೆಲ್ಲು. ಬಣ್ಣದ ಕಾರ್ಖಾನೆ ನೀರು ಸೋಸಿದ್ದಾದ್ರ ಬ್ಯಾಡಪಾ" ಅಂದು ಬಸ್ಸು ಹತ್ತಿದಳು.