ಮಟ್ಟಂಚೇರಿಗೆ ಹೊತ್ತು ಉಳಿಸಿಕೊಳ್ಳಿ



ಕೊಚ್ಚಿಗೆ ಹೊರಟಿದ್ದೇವೆ, ಏನೇನು ನೋಡೋಣ ಎಂದು ಕೇಳಿದ್ದೀರಿ. ಫೋರ್ಟ್ ಕೊಚ್ಚಿಯನ್ನು ಬೆಳಗಿನಲ್ಲೇ ಮುಗಿಸಿ, ಉಳಿದ ಹೊತ್ತನ್ನೆಲ್ಲ ಮಟ್ಟಂಚೇರಿಗೆ ಕೊಡಿ. ಬೇರೆಯವರು ಇದಕ್ಕೆ ತದ್ವಿರುದ್ಧ ಹೇಳಿಯಾರು, ಹೇಳಲಿ.

ಎರ್ನಾಕುಲಂನಿಂದ ಬೋಟಿನಲ್ಲೇ ಹೋಗಿ. 1341ರ ಪ್ರವಾಹದಲ್ಲಿ ಪೆರಿಯಾರ್ ಉಕ್ಕಿ ಹಳೆಯ ಮುಜಿರಿಸ್ ಬಂದರಿಗೆ ಹೂಳು ತುಂಬಿತು, ಇತ್ತ ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎನ್ನುತ್ತಾರೆ. ಆಮೇಲೆ ಮೆಣಸಿನ ಆಸೆಗೆ ಪೋರ್ಚುಗೀಸರು ಬಂದರು. 1663ರಲ್ಲಿ ಅವರನ್ನು ಓಡಿಸಿ ಡಚ್ಚರು, 1795ರಲ್ಲಿ ಇಂಗ್ಲಿಷರು. ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಗೋರಿ ತೋರಿಸುತ್ತಾರೆ. 1524ರಲ್ಲಿ ಕೊಚ್ಚಿಯಲ್ಲೇ ಸತ್ತವನ ಅಸ್ಥಿಯನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದಾಗಿದೆ. ಖಾಲಿ ಕಲ್ಲಿನ ಮುಂದೆ ಫೋಟೊದವರ ನೂಕುನುಗ್ಗಲು!

ಚೀನೀ ಬಲೆಗಳ ಹತ್ತಿರ ಮಾತ್ರ ಅವಸರ ಬೇಡ. ಉದ್ದನೆಯ ತೊಲೆಯ ಮೇಲೆ ಒಬ್ಬಾತ ಸರಸರ ನಡೆದು ಹೋಗುತ್ತಾನೆ, ಅವನೊಬ್ಬನ ಭಾರಕ್ಕೇ ಅಷ್ಟಗಲದ ಬಲೆ ತಲೆಬಾಗಿ ನೀರಿಗಿಳಿಯುತ್ತದೆ. ಮೇಲೆತ್ತುವಾಗ ನಾಲ್ಕೈದು ಜನ ಹಗ್ಗಕ್ಕೆ ಜೋತುಬೀಳುತ್ತಾರೆ. ಹಿಂದುಗಡೆ ಹಗ್ಗಗಳಲ್ಲಿ ತೂಗುಬಿಟ್ಟ ಗುಂಡುಕಲ್ಲುಗಳನ್ನು ನೋಡಿ: ಹಗ್ಗಗಳ ಉದ್ದ ಬೇರೆಬೇರೆ, ಬಲೆ ಏರಿದಂತೆ ಕಲ್ಲುಗಳು ಒಂದೊಂದಾಗಿ ಅಟ್ಟಣೆಯ ಮೇಲೆ ಕೂರುತ್ತವೆ, ತೂಕ ತಾನಾಗಿ ಸರಿಹೊಂದುತ್ತದೆ. ಇಷ್ಟೆಲ್ಲ ಮಾಡಿ ಬೀಳುವ ಮೀನು ಎಷ್ಟೋ ಸಲ ಒಂದು ಹಿಡಿ.

ಇನ್ನು ಮಟ್ಟಂಚೇರಿ. ನೀವು ಕುಂದಾಪುರದ ಕಡೆಯವರು, ಚೆರ್ಲಾಯಿಯ ಓಣಿಗಳಲ್ಲಿ ಕೊಂಕಣಿ ಕಿವಿಗೆ ಬಿದ್ದರೆ ಬೆರಗಾಗಬೇಡಿ. ಗೋವೆ ಬಿಟ್ಟು ತೆಂಕಕ್ಕೆ ನಡೆದ ಸಾರಸ್ವತರಲ್ಲಿ ಕೆಲವರು ನಿಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಇಲ್ಲಿಯವರೆಗೆ ಬಂದರು. ಅವರ ತಿರುಮಲ ದೇವಸ್ಥಾನ ಇಲ್ಲಿದೆ. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟ ಮಾಡಿಸಿದ. 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯನೊಟ್ಟಿಗೆ ಅದಕ್ಕೆ ದುಡಿದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಮೂವರೂ ಕೊಂಕಣಿಗರು. ಅವರು ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲೇ ಬರೆದುಕೊಟ್ಟ ಸಾಕ್ಷಿಪತ್ರ ಮೊದಲ ಸಂಪುಟದಲ್ಲಿದೆ. ಗಾಮನ ಗೋರಿಗಿಂತ ಇವರ ನೆನಪಿನಲ್ಲಿ ಒಂದು ಸುತ್ತು ಹಾಕುವುದು ಮೇಲೆಂದು ನನ್ನ ಅಂಬೋಣ.

ಅಲ್ಲಿನ ಅರಮನೆಯದು ತಮಾಷೆ: ಹೆಸರು ಡಚ್ ಅರಮನೆ, ಕಟ್ಟಿಸಿದವರು ಪೋರ್ಚುಗೀಸರು, ಆಳಿದವರು ಕೊಚ್ಚಿಯ ರಾಜರು, ಗೋಡೆ ತುಂಬ ರಾಮಾಯಣ. ಪಕ್ಕದಲ್ಲೇ 1568ರ ಯೆಹೂದಿ ಸಿನಗಾಗ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಕಾಲಡಿಯಲ್ಲಿ ಚೀನಾದಿಂದ ತರಿಸಿದ ನೀಲಿ-ಬಿಳಿ ಹೆಂಚುಗಳು, ಕೈಯಲ್ಲೇ ಚಿತ್ರ ಬರೆದವು. ಇಲ್ಲಿ ಪ್ರಾರ್ಥಿಸುತ್ತಿದ್ದ ಮನೆತನಗಳಲ್ಲಿ ಹೆಚ್ಚಿನವು ಇಸ್ರೇಲಿಗೆ ಹೋಗಿವೆ. ಆ ಬೀದಿಯಲ್ಲಿ ಈಗ ಏಲಕ್ಕಿ, ಜಾಯಿಕಾಯಿ, ಹಳೆಸಾಮಾನಿನ ಅಂಗಡಿಗಳು. ಚೌಕಾಸಿ ಮಾಡಿ, ನಾಚಿಕೆಪಡಬೇಡಿ.

ಶುಕ್ರವಾರ ಅರಮನೆಗೆ ರಜೆ, ಶನಿವಾರ ಸಿನಗಾಗಿಗೆ. ಆ ಎರಡು ದಿನ ಬಿಟ್ಟು ಟಿಕೆಟ್ ಮಾಡಿಸಿ.

ಇಂತಿ ನಿಮ್ಮವ