ದೋಸೆ ದಿನದ ಲೆಕ್ಕ

ಮಂಗಳವಾರ ಮತ್ತು ಶುಕ್ರವಾರ ನಮ್ಮ ಹಾಸ್ಟೆಲ್ ಮೆಸ್ಸಲ್ಲಿ ದೋಸೆ. ಇದನ್ನ ಓದಿ ಖುಷಿಪಟ್ಟವರು ಫಸ್ಟ್ ಇಯರ್‌ನವರು, ನಿಟ್ಟುಸಿರು ಬಿಟ್ಟವರು ಹಳಬರು. ಎಂಟೂ ನಲವತ್ತಕ್ಕೆ ತಟ್ಟೆ ಹಿಡ್ಕೊಂಡು ನಿಂತರೆ ದೋಸೆ ಸಿಗೋ ಹೊತ್ತಿಗೆ ಒಂಬತ್ತು ದಾಟಿರುತ್ತೆ. ಒಂಬತ್ತಕ್ಕೆ ಮೊದಲ ಕ್ಲಾಸು. ಹಾಗಾಗಿ ಅಟೆಂಡೆನ್ಸ್ ಬೇಕಾ ದೋಸೆ ಬೇಕಾ ಅನ್ನೋ ಪ್ರಶ್ನೆಗೆ ವಾರಕ್ಕೆ ಎರಡು ಸಲ ಉತ್ತರ ಕೊಡಬೇಕು.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಸಿಎಸ್. ಸುಲಭ ಅಂತ ಯಾರೋ ಹೇಳಿದ್ದಕ್ಕೆ ‘ಪ್ರೊಡಕ್ಷನ್ ಅಂಡ್ ಆಪರೇಷನ್ಸ್ ಮ್ಯಾನೇಜ್‌ಮೆಂಟ್’ ಅನ್ನೋ ಓಪನ್ ಎಲೆಕ್ಟಿವ್ ತಗೊಂಡಿದ್ವಿ. ಇಪ್ಪತ್ತೈದು ಮಾರ್ಕ್ಸಿಗೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಬೇರೆ ಗುಂಪಿನವರು ಇಂಡಸ್ಟ್ರಿಯಲ್ ಏರಿಯಾದ ಯಾವುದೋ ಫ್ಯಾಕ್ಟರಿಗೆ ಪರ್ಮಿಷನ್ ಲೆಟರ್ ಹಿಡ್ಕೊಂಡು ಅಲೀತಿದ್ರು. ನಮಗೆ ಬಸ್ ಚಾರ್ಜ್ ದಂಡ ಅನ್ನಿಸಿ ಮೆಸ್ಸನ್ನೇ ಆರಿಸಿಕೊಂಡ್ವಿ. ಮೇಷ್ಟ್ರು ಒಪ್ಪಿದ್ರು. ಕಚ್ಚಾವಸ್ತು, ಯಂತ್ರ, ಜನ, ಸಮಯ ಒಳಗೆ ಹೋಗಿ ಬೇಕಾದ ವಸ್ತು ಹೊರಗೆ ಬಂದರೆ ಅದು ಪ್ರೊಡಕ್ಷನ್ನೇ, ಕಾರಾದ್ರೇನು ದೋಸೆಯಾದ್ರೇನು ಅಂದ್ರು.

ಮೊದಲ ವಾರ ಭಾರಿ ಮಜವಾಗಿತ್ತು. ನಮ್ಮ ಮೆಸ್ಸಲ್ಲಿ 240 ಜನ, ತಲೆಗೆ ಸರಾಸರಿ ಎರಡು ದೋಸೆ, ಅಲ್ಲಿಗೆ 480. ಕಾವಲಿ ಎರಡು. ಒಂದು ಕಾವಲಿಯ ಮೇಲೆ ಒಂದು ಸಲಕ್ಕೆ 12 ದೋಸೆ. ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಎಬ್ಬಿಸಿ, ಕಾವಲಿ ಒರೆಸಿ ಮುಂದಿನ ಸುತ್ತಿಗೆ ರೆಡಿ ಮಾಡೋಕೆ ನಾಲ್ಕು ನಿಮಿಷ. ಅಂದರೆ ಒಂದು ಕಾವಲಿಗೆ ನಿಮಿಷಕ್ಕೆ ಮೂರು, ಎರಡೂ ಸೇರಿ ಆರು. ಏಳೂವರೆಯಿಂದ ಒಂಬತ್ತರವರೆಗೆ ತೊಂಬತ್ತು ನಿಮಿಷ, 540 ದೋಸೆ. ಬೇಕಾಗಿರೋದು 480. ಸಾಕಾಗಬೇಕಲ್ಲ!

ಸಾಕಾಗಲ್ಲ, ಯಾಕಂದ್ರೆ ನಾವು ಬರೋದೇ ತಡ. 240ರಲ್ಲಿ 160 ಜನ ಎಂಟೂ ಕಾಲರಿಂದ ಎಂಟೂ ಮುಕ್ಕಾಲಿನ ಒಳಗೆ ನುಗ್ತಾರೆ. ಆ ಅರ್ಧ ಗಂಟೆಯಲ್ಲಿ 320 ದೋಸೆ ಬೇಕು, ಆಗೋದು 180. ಉಳಿದ 140 ದೋಸೆ ಅಂದರೆ 70 ಜನ ಕ್ಯೂನಲ್ಲಿ. ಇಲ್ಲಿ ಲಿಟಲ್‌ನ ಸೂತ್ರ ಕೆಲಸಕ್ಕೆ ಬರುತ್ತೆ. ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಪ್ರೂಫ್ ಕೊಟ್ಟರು. ಕ್ಯೂನಲ್ಲಿರೋ ಜನ ಅಂದರೆ ನಿಮಿಷಕ್ಕೆ ಸಾಗೋ ಜನ ಗುಣಿಸು ಕಾಯೋ ನಿಮಿಷ, ಅಷ್ಟೇ. ನಿಮಿಷಕ್ಕೆ ಮೂರು ಜನ ಸಾಗ್ತಾರೆ, 70 ಜನ ನಿಂತಿದ್ದಾರೆ, ಹಾಗಾದ್ರೆ ಕೊನೆಯವನು ಕಾಯಬೇಕಾದ್ದು ಸುಮಾರು 23 ನಿಮಿಷ. ಎಂಟೂ ಮುಕ್ಕಾಲಿಗೆ ಬಂದವನಿಗೆ ಒಂಬತ್ತೂ ಎಂಟಕ್ಕೆ ದೋಸೆ. ಗಡಿಯಾರ ಹಿಡಿದು ನೋಡಿದ್ವಿ, ಹೆಚ್ಚುಕಮ್ಮಿ ಅಷ್ಟೇ ಬಂತು. ಒಂದು ಸೂತ್ರ ನಮ್ಮ ಹೊಟ್ಟೆಯ ವಿಷಯದಲ್ಲಿ ಇಷ್ಟು ಸರಿಯಾಗಿ ಕೂತಿದ್ದು ಅದೇ ಮೊದಲು.

ಇಡ್ಲಿ ದಿನ ಈ ಗೋಳು ಯಾಕಿಲ್ಲ ಅನ್ನೋದೂ ಆಗ್ಲೇ ಹೊಳೆದಿದ್ದು. ಇಡ್ಲಿಯನ್ನ ಬೆಳಗ್ಗೆ ಆರಕ್ಕೇ ಬೇಯಿಸಿ ಹಾಟ್‌ಬಾಕ್ಸಿಗೆ ತುಂಬಿಡಬಹುದು. ಅದು ಸ್ಟಾಕ್. ದೋಸೆಯನ್ನ ಹಾಗೆ ತುಂಬಿಟ್ಟರೆ ಅರ್ಧ ಗಂಟೆಗೆ ಚರ್ಮ. ಎಂಟರೊಳಗೆ ಕಾವಲಿ ಖಾಲಿ ಕಾಯ್ತಿದ್ರೂ ಆ ಹೊತ್ತನ್ನ ಎಂಟೂವರೆಗೆ ಅಂತ ಎತ್ತಿಡೋಕೆ ಬರಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ಈ ಬರಹ ಬರೀಬೇಕಾಗಿರಲಿಲ್ಲ.

ಪ್ರಾಜೆಕ್ಟಿಗೆ ‘ವರ್ಕ್ ಸ್ಯಾಂಪ್ಲಿಂಗ್’ ಅಂತ ಒಂದು ಅಧ್ಯಾಯ ಬೇಕಿತ್ತು. ಸ್ಟಾಪ್‌ವಾಚ್ ಹಿಡಿದು ಒಬ್ಬರ ಹಿಂದೆ ಇಡೀ ದಿನ ನಿಲ್ಲೋ ಬದಲು, ಆಗಾಗ ಇಣುಕಿ ನೋಡಿ, ಆ ಕ್ಷಣ ಕೆಲಸದಲ್ಲಿದ್ದಾರಾ ಇಲ್ವಾ ಅಂತ ಗುರುತು ಹಾಕೋ ವಿಧಾನ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಟಿಪ್ಪೆಟ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಶುರು ಮಾಡಿದ್ದು. ನಾವು ಮೂರು ದೋಸೆ ದಿನ, ಐದೈದು ನಿಮಿಷಕ್ಕೊಮ್ಮೆ, ದಿನಕ್ಕೆ 18ರಂತೆ ಒಟ್ಟು 54 ಸಲ ಇಣುಕಿದ್ವಿ. ಕಾವಲಿ ಮುಂದಿನ ಭಟ್ಟರಿಬ್ಬರೂ ಯಾವಾಗ ನೋಡಿದ್ರೂ ಕೆಲಸ. ಚಟ್ನಿ ಬಡಿಸೋ ಅಕ್ಕನೂ ಕೆಲಸ. ದೊಡ್ಡಣ್ಣ ಮಾತ್ರ 54ರಲ್ಲಿ 23 ಸಲ ಗ್ರೈಂಡರ್ ರೂಮಿನ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ರು.

ದೊಡ್ಡಣ್ಣ ಅಂದ್ರೆ ಮೆಸ್ಸಿನ ಹೆಲ್ಪರ್. ಮಾಗಡಿ ಕಡೆಯವರು, ಐವತ್ತು ದಾಟಿದೆ. ಹಿಟ್ಟಿನ ಬಕೆಟ್ ತರೋದು, ತಟ್ಟೆ ಜೋಡಿಸೋದು, ಸಿಲಿಂಡರ್ ಬದಲಿಸೋದು ಅವರ ಕೆಲಸ. ಜ್ವರ ಬಂದವರ ರೂಮಿಗೆ ಗಂಜಿ ಕಳಿಸ್ತಿದ್ದವರೂ ಅವರೇ, ಆದ್ರೆ ಅದಕ್ಕೆ ನಮ್ಮ ಶೀಟಿನಲ್ಲಿ ಜಾಗ ಇರಲಿಲ್ಲ. ನಮ್ಮ ಶೀಟಿನಲ್ಲಿದ್ದದ್ದು ಎರಡೇ ಕಾಲಂ, ‘ವರ್ಕಿಂಗ್’, ‘ಐಡಲ್’. ರಿಪೋರ್ಟಿನಲ್ಲಿ ‘ಹೆಲ್ಪರ್ 43% ಐಡಲ್’ ಅಂತ ಪೈ ಚಾರ್ಟ್ ಹಾಕಿದ್ವಿ. ಕೆಂಪು ಬಣ್ಣ ಬೇರೆ.

ಕೊನೆಯ ಪುಟದಲ್ಲಿ ಸಲಹೆ ಕೊಟ್ಟಿದ್ವಿ. ಮೂರನೇ ಕಾವಲಿ ಹಾಕಿ, ದೋಸೆ ದಿನವೂ ತಡವಾಗಿ ಬರೋರಿಗೆ ಒಂದು ಪಾತ್ರೆ ಇಡ್ಲಿ ಇಡಿ, ಮೂರು ಮತ್ತು ನಾಲ್ಕನೇ ವರ್ಷದವರು ಎಂಟರೊಳಗೆ ತಿಂದು ಮುಗಿಸೋ ಹಾಗೆ ಹೊತ್ತು ಹಂಚಿ ಅಂತೆಲ್ಲ. ಪುಟ ತುಂಬಲಿ ಅಂತ ಇನ್ನೊಂದು ಸೇರಿಸಿದ್ವಿ: ‘ಹೆಲ್ಪರ್‌ನ ಕೆಲಸವನ್ನು ಇತರರಿಗೆ ಹಂಚುವ ಸಾಧ್ಯತೆ ಪರಿಶೀಲಿಸಬಹುದು.’ ಇಂಗ್ಲಿಷಿನಲ್ಲಿ ಅದು ತುಂಬಾ ಸಭ್ಯವಾಗಿ ಕಾಣ್ತಿತ್ತು. 25ಕ್ಕೆ 23 ಬಂತು. ಖುಷಿಯಲ್ಲಿ ಒಂದು ಸ್ಪೈರಲ್ ಬೈಂಡಿಂಗ್ ಕಾಪಿ ಮೆಸ್ ಕಂಟ್ರಾಕ್ಟರಿಗೂ ಕೊಟ್ವಿ.

ದೀಪಾವಳಿ ರಜೆ ಮುಗಿಸಿ ಬಂದಾಗ ಗೋಡೆ ಹತ್ತಿರ ಯಾರೂ ಇರಲಿಲ್ಲ. ಊರಿಗೆ ಹೋಗಿರಬೇಕು ಅಂದ್ಕೊಂಡ್ವಿ. ಎರಡನೇ ವಾರ ಚಟ್ನಿ ಅಕ್ಕನ್ನ ಕೇಳಿದ್ರೆ, ‘ಬಿಡಿಸಿದ್ರಲ್ಲಪ್ಪ, ನಿಮಗ್ಗೊತ್ತಿಲ್ವಾ?’ ಅಂದ್ರು. ಕಂಟ್ರಾಕ್ಟರ್ ಹತ್ತಿರ ಓಡಿದ್ವಿ. ಅವರು ಸಿಟ್ಟಾಗಲಿಲ್ಲ, ಟೀ ಕುಡಿಯೋಕೂ ಕರೆದ್ರು. ಡ್ರಾಯರಿಂದ ನಮ್ಮ ರಿಪೋರ್ಟ್ ತೆಗೆದು ಆ ಪುಟ ತೋರಿಸಿ, ‘ನೀವೇ ಬರ್ಕೊಟ್ಟಿದ್ದಲ್ವೇನ್ರಪ್ಪ’ ಅಂದ್ರು.

ನಮಗೆ ಉತ್ತರ ಬರಲಿಲ್ಲ. ಖರ್ಚಿನ ಸಲಹೆ ಮೂರನ್ನೂ ಬಿಟ್ಟು ಉಳಿತಾಯದ ಒಂದನ್ನೇ ಎತ್ಕೊಂಡಿದ್ರು.

ಆಮೇಲೆ ಮತ್ತೆ ಮೂರು ದೋಸೆ ದಿನ ನಿಂತು ನೋಡಿದ್ವಿ, ಮಾರ್ಕ್ಸಿಲ್ಲದೆ. ಈ ಸಲ ಜನರನ್ನಲ್ಲ, ಕಾವಲಿಯನ್ನ ನೋಡಿದ್ವಿ. ಹಿಟ್ಟು ಮುಗಿದಾಗ ಭಟ್ಟರೇ ಸೌಟು ಇಟ್ಟು ಗ್ರೈಂಡರ್ ರೂಮಿಗೆ ಹೋಗ್ತಿದ್ರು. ಕಾವಲಿ ಬರಿದೇ ಕಾದು ಹೊಗೆ ಏಳ್ತಿತ್ತು. ಬಂದು ನೀರು ಚಿಮುಕಿಸಿ, ಒರೆಸಿ, ಹದ ನೋಡಿ ಮತ್ತೆ ಶುರು. ಗ್ಯಾಸ್ ಮುಗಿದ ದಿನವಂತೂ ಕೇಳಲೇಬೇಡಿ. ಎರಡೂ ಕಾವಲಿ ಸೇರಿ ದಿನಕ್ಕೆ ಸರಾಸರಿ 36 ನಿಮಿಷ ಖಾಲಿ. ನಿಮಿಷಕ್ಕೆ ಮೂರರಂತೆ 108 ದೋಸೆ. 540ರಲ್ಲಿ 108 ಕಳೆದರೆ 432, ಬೇಕಾಗಿರೋದು 480. ಮೊದಲು ಸಾಲದೇ ಇದ್ದದ್ದು ಆ ಅರ್ಧ ಗಂಟೆಗೆ ಮಾತ್ರ, ಈಗ ಇಡೀ ಬೆಳಗಿಗೇ ಸಾಲದು.

ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ‘ದಿ ಗೋಲ್’ ಅಂತ ಒಂದು ಕಾದಂಬರಿ ಬರೆದ್ರು, ಫ್ಯಾಕ್ಟರಿ ಮ್ಯಾನೇಜರ್ ಒಬ್ಬನ ಕಥೆ. ನಮ್ಮ ಸಿಲಬಸ್ಸಿನ ‘ಬಾಟಲ್‌ನೆಕ್’ ಪಾಠದ ಜೀವ ಇರೋದು ಅದರಲ್ಲಿ. ಕಿರಿದಾದ ಜಾಗದಲ್ಲಿ ಒಂದು ಗಂಟೆ ಕಳೆದರೆ ಇಡೀ ಫ್ಯಾಕ್ಟರಿಯೇ ಒಂದು ಗಂಟೆ ಕಳ್ಕೊಂಡ ಹಾಗೆ, ಉಳಿದ ಕಡೆ ಉಳಿಸಿದ ಗಂಟೆಗೆ ಬೆಲೆಯೇ ಇಲ್ಲ. ಇದನ್ನ ನಾವು ಇಂಟರ್ನಲ್ಸಲ್ಲಿ ಹತ್ತು ಮಾರ್ಕ್ಸಿಗೆ ಬರೆದು ಒಂಬತ್ತು ತಗೊಂಡವರು. ಆದ್ರೆ ಕಣ್ಣೆದುರಿಗಿನ ಕಾವಲಿ ಬಾಟಲ್‌ನೆಕ್ ಅಂತ ಗೊತ್ತಿದ್ದೂ, ಅದು ಒಂದು ನಿಮಿಷವೂ ನಿಲ್ಲದ ಹಾಗೆ ಕಾಯ್ತಿದ್ದ ಮನುಷ್ಯನನ್ನ ಕೆಂಪು ಬಣ್ಣದಲ್ಲಿ ಬಳಿದಿದ್ವಿ.

ಟೊಯೋಟಾದ ಲೈನಿನಲ್ಲಿ ಕೆಲಸಗಾರನಿಗೆ ತೊಂದರೆ ಬಂದ್ರೆ ಹಗ್ಗ ಎಳೀತಾನೆ, ಟೀಂ ಲೀಡರ್ ಓಡಿ ಬರ್ತಾನೆ. ಓಡಿ ಬರೋಕೆ ಅವನ ಕೈ ಖಾಲಿ ಇರಬೇಕಲ್ಲ. ಕ್ಯೂಯಿಂಗ್ ಥಿಯರಿಯ ಲೆಕ್ಕವೂ ಅದೇ. ಸರಳವಾದ ಒಂದೇ ಸರ್ವರ್ ಮಾದರಿ ತಗೊಂಡ್ರೆ, ಅರ್ಧ ಹೊತ್ತು ಬಿಜಿ ಇರೋನ ಹತ್ತಿರ ಕಾಯೋ ಸಮಯ ಸರಾಸರಿ ಒಂದು ಕೆಲಸದಷ್ಟು. 80% ಬಿಜಿ ಆದ್ರೆ ನಾಲ್ಕು ಕೆಲಸದಷ್ಟು, 90% ಆದ್ರೆ ಒಂಬತ್ತು, 95% ಆದ್ರೆ ಹತ್ತೊಂಬತ್ತು. ದೊಡ್ಡಣ್ಣ 57% ಬಿಜಿ ಇದ್ದದ್ದಕ್ಕೇ ಭಟ್ಟರು ಕೂಗಿದ ತಕ್ಷಣ ಬಕೆಟ್ ಬರ್ತಿತ್ತು.

ಇನ್ನೂ ನಾಚಿಕೆಗೇಡು ಅಂದ್ರೆ ನಮ್ಮ 43% ಕೂಡ ಗಟ್ಟಿ ಇರಲಿಲ್ಲ. 54 ನೋಟಕ್ಕೆ ಹೆಚ್ಚುಕಮ್ಮಿ 13% ಆಚೀಚೆ ಆಗುತ್ತೆ, ಅಂದರೆ ನಿಜ 30% ಇರಬಹುದು, 56% ಇರಬಹುದು. 5%ರೊಳಗೆ ಹಿಡೀಬೇಕಂದ್ರೆ 377 ನೋಟ ಬೇಕಿತ್ತು. ಅದೂ ಗೊತ್ತುಗುರಿಯಿಲ್ಲದ ಹೊತ್ತಲ್ಲಿ ಇಣುಕಬೇಕು, ಗಡಿಯಾರ ನೋಡಿ ಐದೈದು ನಿಮಿಷಕ್ಕಲ್ಲ. ಒಬ್ಬರ ಸಂಬಳದ ವಿಷಯ ಇದು ಅಂತ ಅವತ್ತು ಗೊತ್ತಿದ್ದಿದ್ರೆ ಲೆಕ್ಕ ಹಾಕ್ತಿದ್ವೇನೋ. ನಮಗದು ಬರೀ ಅಧ್ಯಾಯ ನಾಲ್ಕು.

ಹೊಸ ಲೆಕ್ಕ ತಗೊಂಡು ಕಂಟ್ರಾಕ್ಟರ್ ಹತ್ತಿರ ಹೋದ್ವಿ. 108 ದೋಸೆ, 54 ಜನರ ತಿಂಡಿ ಅಂತ ವಿವರಿಸಿದ್ವಿ. ಅವರು ತಲೆಯಾಡಿಸಿ, ‘ನೋಡೋಣ’ ಅಂದ್ರು. ಅಂದು ರಾತ್ರಿ ರೂಮಲ್ಲಿ ಸಿಎಸ್‌ನವನಿಗೆ ಹೊಳೀತು. ಮೆಸ್ ಬಿಲ್ ನಾವು ತಿಂಗಳಿಗೆ ಇಷ್ಟು ಅಂತ ಕಟ್ತೀವಿ. ತಿಂದ್ರೂ ಅಷ್ಟೇ, ಕ್ಯೂ ನೋಡಿ ಹಾಗೇ ಕ್ಲಾಸಿಗೆ ಓಡಿದ್ರೂ ಅಷ್ಟೇ. 54 ಜನ ತಿನ್ನದೇ ಹೋದ್ರೆ ಅಷ್ಟು ಹಿಟ್ಟು, ಎಣ್ಣೆ, ಗ್ಯಾಸ್ ಉಳೀತು, ಮೇಲೆ ಒಬ್ಬ ಹೆಲ್ಪರ್‌ನ ಸಂಬಳವೂ ಉಳೀತು. ನಾವು ನಷ್ಟ ಅಂತ ತೋರಿಸಿದ್ದು ಅವರ ಪುಸ್ತಕದಲ್ಲಿ ಲಾಭ. ಅವರು ಹಾಗೆ ಯೋಚನೆ ಮಾಡಿದ್ರು ಅಂತ ನಾವು ಹೇಳ್ತಿಲ್ಲ, ಲೆಕ್ಕ ಹಾಗೆ ಕೂತಿತ್ತು ಅಷ್ಟೇ. ಎಫಿಷಿಯೆನ್ಸಿ ಯಾರ ಕಡೆಯಿಂದ ಅಂತ ನಮ್ಮ ರಿಪೋರ್ಟಿನ 42 ಪುಟದಲ್ಲಿ ಎಲ್ಲೂ ಕೇಳಿಕೊಂಡಿರಲಿಲ್ಲ.

ಹಾಗಾಗಿ ಕಾಗದವನ್ನ ಹಾಸ್ಟೆಲ್ ಕಮಿಟಿಗೆ ಒಯ್ದ್ವಿ. ಅಲ್ಲಿ ವಾದ, ಮುಂದೂಡಿಕೆ, ಮತ್ತೆ ವಾದ. ಕೊನೆಗೆ ವಾರ್ಡನ್ ಸರ್, ಎಂಟೂ ಮುಕ್ಕಾಲಿನ ಒಳಗೆ ಬಂದ ಯಾರಿಗೂ ಹದಿನೈದು ನಿಮಿಷಕ್ಕಿಂತ ಕಾಯಿಸಬಾರದು ಅಂತ ಬರೆಸಿಕೊಂಡ್ರು. ಈಗ ದೋಸೆ ದಿನ ಒಂದು ಪಾತ್ರೆ ಇಡ್ಲಿ ಇರುತ್ತೆ, ನೀವೂ ನೋಡಿರ್ತೀರಿ. ಹೊಸ ಹೆಲ್ಪರ್ ಕೂಡ ಬಂದಿದ್ದಾನೆ, ಇಪ್ಪತ್ತರ ಹುಡುಗ. ದೊಡ್ಡಣ್ಣ ಅಲ್ಲ. ಅವರು ಅಷ್ಟರಲ್ಲಿ ಊರ ಹತ್ತಿರದ ಕಲ್ಯಾಣ ಮಂಟಪವೊಂದರ ಅಡುಗೆಮನೆ ಸೇರಿದ್ರು. ಮದುವೆ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ.

ಚಟ್ನಿ ಅಕ್ಕನಿಂದ ನಂಬರ್ ಇಸ್ಕೊಂಡು ಫೋನ್ ಮಾಡೋಕೆ ನಮಗೆ ಒಂದು ತಿಂಗಳು ಬೇಕಾಯ್ತು. ಸ್ಪೀಕರ್ ಹಾಕಿ ನಾಲ್ಕೂ ಜನ ಕೂತ್ಕೊಂಡ್ವಿ. ತಪ್ಪಾಯ್ತು ಅಂತ ಶುರು ಮಾಡಿದ್ರೆ, ‘ಗೊತ್ತು ಕಣ್ರಪ್ಪ, ಆ ಪೇಪರ್ ತೋರಿಸೇ ಹೇಳಿದ್ರು. ಇಂಗ್ಲಿಷಲ್ಲಿತ್ತು. ನನ್ನ ಬಗ್ಗೆ ಏನಂತ ಬರ್ದಿದ್ರಿ?’ ಅಂದ್ರು. ಐಡಲ್ ಅನ್ನೋದನ್ನ ಕನ್ನಡದಲ್ಲಿ ಹೇಳಬೇಕಾಗಿ ಬಂತು. ‘ಸುಮ್ನೆ ನಿಂತಿರ್ತಾರೆ ಅಂತ, ಅಣ್ಣ.’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. ಸಿಟ್ಟಿನ ನಗುವೋ ಅಲ್ವೋ ಗೊತ್ತಾಗಲಿಲ್ಲ.

ಗೋಡೆ ಹತ್ತಿರ ನಿಂತು ಏನು ನೋಡ್ತಿದ್ರಿ ಅಂತ ಕೇಳಿದ್ವಿ. ಅಲ್ಲಿಂದ ಎರಡೂ ಬಕೆಟ್ಟಿನ ತಳ ಕಾಣುತ್ತಂತೆ. ಹಿಟ್ಟು ಕಾಲುಭಾಗಕ್ಕೆ ಇಳಿದ್ರೆ ಮುಂದಿನ ಬಕೆಟ್ಟಿಗೆ ಉಪ್ಪು ಹಾಕಿ ತಿರುವಬೇಕು. ಒಲೆಯ ಉರಿ ಹಳದಿ ತಿರುಗಿದ್ರೆ ಸಿಲಿಂಡರ್ ಹತ್ತಿರ ಹೋಗಬೇಕು. ಬಾಗಿಲಲ್ಲಿ ಒಂದೇ ಸಲ ಜನ ನುಗ್ಗಿದ್ರೆ ಭಟ್ಟರಿಗೆ ಕಣ್ಣಲ್ಲೇ ಹೇಳಬೇಕು, ಅವರು ದೋಸೆ ಚಿಕ್ಕದು ಮಾಡ್ತಾರೆ. ನಾವು ಬರ್ಕೊಳ್ತಾ ಹೋದ್ವಿ.

ಫೋನ್ ಇಡೋ ಮುಂಚೆ ಅವರೇ ಕೇಳಿದ್ರು. ‘ಇವತ್ತು ಶುಕ್ರವಾರ ಅಲ್ವಾ? ಹಿಟ್ಟು ಸರಿಯಾಗಿ ಹುದುಗಿತ್ತಾ?’